ಚಗಳಿಯ ವೇಷದ ಜಿಗಿಜೇಡ: ಗುರುತಿಸುವಿಕೆಯನ್ನು ಕುರಿತು ಒಂದು ಟಿಪ್ಪಣಿ

ಮಲಯಾಳದಲ್ಲಿ ಜೇಡಕ್ಕೆ ಚಿಲಂದಿ ಎಂಬ ಹೆಸರಿನ ಜೊತೆಗೆ ಎಟ್ಟುಕಾಲಿ ಎಂಬ ಹೆಸರೂ ಇದೆ. ಎಂಟು ಕಾಲಿರುವುದರಿಂದ ಎಟ್ಟುಕಾಲಿ. ಕೊಚ್ಚಿ, ತಿರುವನಂತಪುರಗಳ ಹಿತ್ತಿಲಿನ ಮಾವು, ಗೇರು ಮರಗಳಲ್ಲಿ ಓಡಾಡುವ ಒಂದು ಎಟ್ಟುಕಾಲಿಯನ್ನು ಮಾತ್ರ ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ, ಏಕೆಂದರೆ ಅದನ್ನು ಕಂಡವರಿಗೆ ತಾವು ಕಂಡದ್ದು ಜೇಡ ಎಂದು ತಿಳಿಯುವುದೇ ಇಲ್ಲ. ಅವರ ಕಣ್ಣಿಗೆ ಅದು ಪುಳಿಯುರುಂಬ್, ಅಂದರೆ ಹುಳಿ ಇರುವೆ. ಮಲೆನಾಡಿನಲ್ಲಿ ಅರೆದು ಚಟ್ನಿ ಮಾಡುವ ಚಗಳಿ ಅದೇ. ಎಲೆಗಳನ್ನು ಮರಿಹುಳುವಿನ ರೇಷ್ಮೆಯಿಂದ ಹೊಲಿದು ಗೂಡು ಕಟ್ಟುವ, ಕಚ್ಚಿದರೆ ಉರಿಯುವ, ಕೆಂಪು-ಕಿತ್ತಳೆ ಬಣ್ಣದ ಇರುವೆ. ಈಕೋಫಿಲ್ಲಾ ಸ್ಮರಾಗ್ಡಿನಾ ಎಂಬುದು ಅದರ ಶಾಸ್ತ್ರೀಯ ಹೆಸರು.

ಆ ಇರುವೆಯ ವೇಷದಲ್ಲಿರುವ ಜಿಗಿಜೇಡದ ಈಗಿನ ಹೆಸರು ಮಿರ್ಮಾಪ್ಲಾಟಾ ಪ್ಲಾಟಲಿಯಾಯ್ಡಿಸ್ (ಓ. ಪಿಕಾರ್ಡ್-ಕೇಂಬ್ರಿಜ್, 1869). ಭಾರತ, ಶ್ರೀಲಂಕಾಗಳಿಂದ ಚೀನಾ, ಆಗ್ನೇಯ ಏಷ್ಯಾದವರೆಗೆ ಇದರ ನೆಲೆ ಹರಡಿದೆ. ಅಪರೂಪದ ಪ್ರಾಣಿಯೇನಲ್ಲ. ಇಷ್ಟು ಸಾಮಾನ್ಯವಾದ ಜೇಡವನ್ನು ಗುರುತಿಸುವುದೇ ಇಷ್ಟು ಕಷ್ಟವಾದರೆ ‘ಪ್ರಭೇದವನ್ನು ವರ್ಣಿಸುವುದು’ ಎಂಬ ಮಾತಿಗೆ ಏನರ್ಥ ಎಂಬ ಪ್ರಶ್ನೆ ನನ್ನನ್ನು ಈ ಟಿಪ್ಪಣಿಗೆ ಎಳೆದು ತಂದಿತು. ನನ್ನ ವಾದ ಇಷ್ಟೇ: ಈ ಜೇಡದ ವರ್ಣನೆಯ ಅರ್ಧ ಭಾಗ ಇಂಗ್ಲೆಂಡಿನಲ್ಲಿ, ಸತ್ತ ಮಾದರಿಯ ಮೇಲೆ ನಡೆಯಿತು. ಉಳಿದ ಅರ್ಧ ತಿರುವನಂತಪುರದಲ್ಲಿ, ಜೀವಂತ ಜೇಡವನ್ನು ನೋಡುತ್ತ ನಡೆಯಿತು. ಎರಡನೆಯದನ್ನೂ ವರ್ಣನೆಯೆಂದೇ ಎಣಿಸಬೇಕು.

ಮೊದಲಿಗೆ ಹೆಸರಿನ ವಿಚಾರ. 1869ರಲ್ಲಿ ಈ ಜೇಡವನ್ನು ಶಾಸ್ತ್ರಕ್ಕೆ ಪರಿಚಯಿಸಿದ ಆಕ್ಟೇವಿಯಸ್ ಪಿಕಾರ್ಡ್-ಕೇಂಬ್ರಿಜ್ ಡಾರ್ಸೆಟ್ ಸೀಮೆಯ ಬ್ಲಾಕ್ಸ್‌ವರ್ತ್ ಎಂಬ ಹಳ್ಳಿಯ ಪಾದ್ರಿ, ಜೇಡಶಾಸ್ತ್ರದಲ್ಲಿ ದೊಡ್ಡ ಹೆಸರು. ಅವರ ಕೈಗೆ ಬಂದದ್ದು ಸಿಲೋನಿನ ಮಾದರಿಗಳು. ಅವರಿಟ್ಟ ಹೆಸರು ಸಾಲ್ಟಿಕಸ್ ಪ್ಲಾಟಲಿಯಾಯ್ಡಿಸ್. ಪ್ಲಾಟಲಿಯಾ ಎಂದರೆ ಚಮಚದಂಥ ಕೊಕ್ಕಿನ ಹಕ್ಕಿ. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತು ನೋಡಿದವರಿಗೆ ಅದರ ಪರಿಚಯವಿದೆ: ಉದ್ದನೆಯ ಕೊಕ್ಕು, ತುದಿಯಲ್ಲಿ ಅಗಲವಾಗಿ ಸೌಟಿನಂತೆ ಚಪ್ಪಟೆ. ‘ಪ್ಲಾಟಲಿಯಾಯ್ಡಿಸ್’ ಎಂದರೆ ಆ ಹಕ್ಕಿಯನ್ನು ಹೋಲುವಂಥದ್ದು. ಗಂಡು ಜೇಡದ ದವಡೆಗಳು ಮುಂದಕ್ಕೆ ಚಾಚಿ ತುದಿಯಲ್ಲಿ ಉಬ್ಬಿಕೊಂಡಿರುವುದನ್ನು ಕಂಡರೆ ಹೆಸರಿನ ಔಚಿತ್ಯ ಹೊಳೆಯುತ್ತದೆ. ಆದರೆ ಗಮನಿಸಬೇಕಾದ್ದು ಇನ್ನೊಂದಿದೆ. ಹೆಸರಿನಲ್ಲಿ ಹಕ್ಕಿ ಇದೆ, ಇರುವೆ ಇಲ್ಲ. ಮದ್ಯಸಾರದಲ್ಲಿ ನೆನೆದ ಮಾದರಿಯಲ್ಲಿ ಬಣ್ಣ ಮಾಸುತ್ತದೆ, ನಡಿಗೆಯಂತೂ ಇರುವುದೇ ಇಲ್ಲ. ಅದು ಯಾವ ಮರದ ಮೇಲೆ, ಯಾವ ಇರುವೆಯ ಸಾಲಿನ ಪಕ್ಕದಲ್ಲಿ ಓಡಾಡುತ್ತಿತ್ತು ಎಂಬುದನ್ನು ಸೀಸೆ ಹೇಳಲಾರದು.

ಹೆಸರಿನ ಕೊನೆಗೆ ಕರ್ತೃವಿನ ಹೆಸರು ಕಂಸದೊಳಗೆ ಇರುವುದು ಅಲಂಕಾರಕ್ಕಲ್ಲ. ಮೊದಲು ಇಟ್ಟ ಕುಲದಿಂದ ಪ್ರಭೇದ ಬೇರೆ ಕುಲಕ್ಕೆ ಹೋಗಿದೆ ಎಂಬುದಕ್ಕೆ ಆ ಕಂಸವೇ ಗುರುತು. ಸಾಲ್ಟಿಕಸ್‌ನಿಂದ ಇದು ಮಿರ್ಮರಾಕ್ನಿ ಕುಲಕ್ಕೆ ಹೋಯಿತು. ಇರುವೆಜೇಡ ಎಂದೇ ಅರ್ಥವಿರುವ ಆ ಕುಲವನ್ನು ಮ್ಯಾಕ್ಲಿ 1839ರಲ್ಲಿ ಬಂಗಾಳದ ಜೇಡವೊಂದರ ಮೇಲೆ ಸ್ಥಾಪಿಸಿದ್ದ. ನೂರಾರು ಪ್ರಭೇದಗಳು ಸೇರಿ ಅದು ಹಿಗ್ಗಿದ ಮೇಲೆ, 2016ರಲ್ಲಿ ಪೋಲೆಂಡಿನ ಯೆಜಿ ಪ್ರುಶಿನ್ಸ್ಕಿ ಅದನ್ನು ಒಡೆದು ಕೆಲವು ಹೊಸ ಕುಲಗಳನ್ನು ಮಾಡಿದರು. ಅವುಗಳಲ್ಲಿ ಮಿರ್ಮಾಪ್ಲಾಟಾ ಒಂದು, ನಮ್ಮ ಜೇಡವೇ ಅದರ ಮಾದರಿ ಪ್ರಭೇದ. ಹಾಗಾಗಿ ಹಳೆಯ ಪ್ರಬಂಧಗಳಲ್ಲಿ ಮಿರ್ಮರಾಕ್ನಿ ಪ್ಲಾಟಲಿಯಾಯ್ಡಿಸ್ ಎಂದು ಕಂಡರೆ ಅದು ಬೇರೆ ಜೇಡವೆಂದು ಭಾವಿಸಬಾರದು.

ಇನ್ನು ಗುರುತುಗಳು. ಜೇಡದ ಮೈ ಎರಡು ಭಾಗ: ತಲೆ ಎದೆ ಕೂಡಿದ ಮುಂಭಾಗ, ಅದರ ಹಿಂದೆ ಹೊಟ್ಟೆ. ಇರುವೆಯ ಮೈ ಮೂರು ಭಾಗ. ಎರಡನ್ನು ಮೂರಾಗಿ ತೋರಿಸುವ ಕೆಲಸವನ್ನು ಈ ಜೇಡ ಮುಂಭಾಗದ ನಡುವೆ ಒಂದು ಇಕ್ಕಟ್ಟು ಮಾಡಿಕೊಂಡು ಸಾಧಿಸಿದೆ. ಇಕ್ಕಟ್ಟಿನ ಮುಂದಿನದು ತಲೆಯಂತೆ ಉರುಟು, ಹಿಂದಿನದು ಎದೆಯಂತೆ ತಗ್ಗು. ಅದಾದ ಮೇಲೆ ಹೊಟ್ಟೆಗೆ ಸೇರುವ ತೊಟ್ಟು. ಸಾಮಾನ್ಯ ಜಿಗಿಜೇಡಗಳಲ್ಲಿ ಈ ತೊಟ್ಟು ಮೇಲಿನಿಂದ ಕಾಣುವುದೇ ಇಲ್ಲ. ಇಲ್ಲಿ ಅದು ಉದ್ದವಾಗಿ ಚಗಳಿಯ ಸಣ್ಣ ನಡುವಿನಂತೆ ಎದ್ದು ಕಾಣುತ್ತದೆ. ತಲೆಯ ಪಕ್ಕದ ಕಪ್ಪು ಕಲೆಗಳು ಇರುವೆಯ ಪಕ್ಕಗಣ್ಣುಗಳ ಭ್ರಮೆ ಹುಟ್ಟಿಸುತ್ತವೆ. ಮೊದಲ ಜೊತೆ ಕಾಲನ್ನು ಎತ್ತಿ ಗಾಳಿಯಲ್ಲಿ ಆಡಿಸುತ್ತ ನಡೆಯುವುದರಿಂದ ಎಂಟು ಕಾಲು ಆರಾಗಿ, ಉಳಿದೆರಡು ಮೀಸೆಗಳಾಗಿ ತೋರುತ್ತವೆ.

ವೇಷ ಬಿಚ್ಚುವ ಜಾಗಗಳೂ ಇವೆ. ಇರುವೆಯ ಮೀಸೆ ಬುಡದ ಉದ್ದನೆಯ ಗಣ್ಣಿನ ನಂತರ ಮೊಣಕೈಯಂತೆ ಒಮ್ಮೆಲೇ ಮುರಿದಿರುತ್ತದೆ, ಜೇಡದ ಕಾಲು ಹಾಗೆ ಮುರಿಯುವುದಿಲ್ಲ. ಎಲೆಯ ಅಂಚಿಗೆ ಬಂದಾಗ ಚಗಳಿ ಇಳಿಜಾರು ಹುಡುಕುತ್ತದೆ. ಬೆದರಿದ ಜೇಡವೋ ನೂಲೊಂದನ್ನು ಅಂಟಿಸಿ ಕೆಳಕ್ಕೆ ತೂಗಿಬೀಳುತ್ತದೆ, ಅಪಾಯ ಕಳೆದ ಮೇಲೆ ಅದೇ ನೂಲು ಹಿಡಿದು ಮೇಲೇರುತ್ತದೆ. ಎಲ್ಲಕ್ಕಿಂತ ಖಚಿತವಾದದ್ದು ಮುಖ. ಜಿಗಿಜೇಡಗಳ ಕುಟುಂಬವಾದ ಸಾಲ್ಟಿಸಿಡೇಯ 6,000ಕ್ಕೂ ಹೆಚ್ಚು ಪ್ರಭೇದಗಳಿಗೆಲ್ಲ ಸಾಮಾನ್ಯವಾದ ಲಕ್ಷಣ ಒಂದಿದೆ, ಮುಂದೆ ನೇರವಾಗಿ ನೋಡುವ ಎರಡು ದೊಡ್ಡ ಕಣ್ಣುಗಳು. ಬೇಟೆ, ಜೊತೆಗಾರ, ಶತ್ರು ಎಲ್ಲವನ್ನೂ ಅಳೆಯುವುದು ಆ ಕಣ್ಣುಗಳಿಂದಲೇ, ಅವನ್ನು ಬಿಟ್ಟುಕೊಟ್ಟು ಜಿಗಿಜೇಡ ಬದುಕಲಾರದು. ಆದ್ದರಿಂದ ಎದುರಿನಿಂದ ನೋಡಿದಾಗ ಈ ವೇಷ ನಿಲ್ಲುವುದಿಲ್ಲ. ಅನುಮಾನ ಬಂದರೆ ಒಂದು ಕಡ್ಡಿಯನ್ನು ಅಡ್ಡ ಹಿಡಿಯಿರಿ. ಚಗಳಿ ಕಡ್ಡಿಯನ್ನು ಕಚ್ಚಲು ಬರುತ್ತದೆ. ಜಿಗಿಜೇಡ ತಿರುಗಿ ನಿಮ್ಮನ್ನೇ ನೋಡುತ್ತದೆ.

ಇದು ಮರದಡಿಯ ಗುರುತು. ಶಾಸ್ತ್ರಕ್ಕೆ ಅಷ್ಟು ಸಾಲದು. ಇರುವೆಯನ್ನು ಹೋಲುವ ಜಿಗಿಜೇಡಗಳು ಹಲವಾರಿವೆ, ಒಂದೇ ಇರುವೆಯನ್ನು ಹೋಲುವ ಎರಡು ಜೇಡಗಳು ಹೊರನೋಟಕ್ಕೆ ಒಂದರಂತೆ ಒಂದು ಇರುವುದು ಸಹಜ. ಹೊರರೂಪವೇ ಮೋಸವಾಗಿರುವಲ್ಲಿ ಹೊರರೂಪದ ಮೇಲೆ ಪ್ರಭೇದವನ್ನು ನಿಲ್ಲಿಸಲಾಗದು. ಜೇಡಶಾಸ್ತ್ರಜ್ಞರು ಜನನಾಂಗಗಳನ್ನು ನೋಡುವುದು ಇದಕ್ಕಾಗಿಯೇ. ಗಂಡಿನ ಬಾಯಿಯ ಪಕ್ಕದಲ್ಲಿ ಪುಟ್ಟ ಕಾಲಿನಂತಿರುವ ಪಾಲ್ಪ್‌ನ ತುದಿಯಲ್ಲಿ ವೀರ್ಯ ಸಾಗಿಸುವ ಗಡ್ಡೆಯಿದೆ. ಈ ಗುಂಪಿನ ಜೇಡಗಳಲ್ಲಿ ಎಂಬೋಲಸ್ ಎಂಬ ಸೂಜಿಯಂಥ ಎಳೆ ಆ ಗಡ್ಡೆಯ ಸುತ್ತ ಸುರುಳಿ ಸುತ್ತಿಕೊಂಡಿರುತ್ತದೆ. ಹೆಣ್ಣಿನ ಹೊಟ್ಟೆಯ ಅಡಿಯ ಫಲಕದಲ್ಲಿ ಎರಡು ಕಿಟಕಿಯಂಥ ತಗ್ಗುಗಳು, ಅವುಗಳ ಹಿಂದೆ ತಿರುಪಿನಂತೆ ತಿರುಚಿದ ನಾಳಗಳು. ಹೆಣ್ಣಿನ ಪಾಲ್ಪ್ ತುದಿಯಲ್ಲಿ ಹುಟ್ಟಿನಂತೆ ಚಪ್ಪಟೆ. ಇವನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ, ಚಿತ್ರ ಬರೆದು, ಹಿಂದಿನವರ ಚಿತ್ರಗಳೊಡನೆ ಹೋಲಿಸಿದ ಮೇಲೆಯೇ ‘ಇದು ಅದೇ’ ಎನ್ನಬಹುದು. ಈಗ ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವನ್ನು ನೋಡಿ ಹೆಸರು ಹೇಳುವ ಅವಸರ ಎಲ್ಲ ಕಡೆ ಇದೆ. ಈ ಗುಂಪಿನ ಮಟ್ಟಿಗೆ ಅದು ಸಲ್ಲದು. ಚಿತ್ರದಲ್ಲಿರುವುದು ಎಳೆಯ ಜೇಡವಾದರೆ ಅದರಲ್ಲಿ ನೋಡಲು ಜನನಾಂಗವೇ ಬೆಳೆದಿರುವುದಿಲ್ಲ.

ಗಂಡಿನ ಸಂಗತಿ ಬೇರೆಯೇ ಒಂದು ಕಥೆ. ಕೊನೆಯ ಪೊರೆ ಬಿಡುವ ತನಕ ಅದರ ದವಡೆ ಹೆಣ್ಣಿನದರಂತೆಯೇ ಚಿಕ್ಕದು. ಕೊನೆಯ ಪೊರೆ ಕಳಚಿದಾಗ ತಲೆಯ ಮುಂದಕ್ಕೆ ಚಾಚಿದ ಜೋಡಿ ದವಡೆಗಳು ಹೊರಬರುತ್ತವೆ. ದವಡೆಯೂ ಸೇರಿದರೆ ಉದ್ದ ಒಂದು ಸೆಂಟಿಮೀಟರಿನ ಆಚೀಚೆ. ನಿನ್ನೆ ಒಂಟಿ ಇರುವೆಯಂತಿದ್ದದ್ದು ಇಂದು ಬೇರೊಂದು ಪ್ರಾಣಿ. ಆದರೂ ವೇಷ ಕೆಟ್ಟಿಲ್ಲ: ದವಡೆಯ ಉಬ್ಬಿದ ತುದಿಯಲ್ಲಿ ಇನ್ನೊಂದು ತಲೆ, ಆ ತಲೆಗೆ ಕಣ್ಣಿನಂಥ ಕಪ್ಪು ಕಲೆ. ನೋಡುವವರಿಗೆ ಒಂದು ಚಗಳಿ ಇನ್ನೊಂದು ಚಗಳಿಯನ್ನು ಕಚ್ಚಿಕೊಂಡು ಹೊತ್ತೊಯ್ಯುತ್ತಿರುವಂತೆ ಕಾಣುತ್ತದೆ. ಚಗಳಿಗಳು ನಿಜವಾಗಿಯೂ ಹಾಗೆ ಒಂದನ್ನೊಂದು ಹೊತ್ತು ಸಾಗುವುದುಂಟು. ಇಂಥ ಗಂಡುಗಳನ್ನು ಪರೀಕ್ಷಿಸಿದ ಕ್ಸಿಮೆನಾ ನೆಲ್ಸನ್ ಮತ್ತು ರಾಬರ್ಟ್ ಜಾಕ್ಸನ್ 2006ರಲ್ಲಿ ಇದನ್ನು ಸಂಯುಕ್ತ ಅನುಕರಣೆ ಎಂದು ಕರೆದರು. ಇರುವೆಗೆ ಹೆದರುವ ಬೇಟೆಗಾರರು ಗಂಡಿನಿಂದ ದೂರ ಉಳಿದರೂ, ಹೊರೆ ಹೊತ್ತ ಇರುವೆಯನ್ನೇ ಹುಡುಕಿ ತಿನ್ನುವ ಜೇಡಗಳಿಗೆ ಗಂಡು ಸುಲಭದ ತುತ್ತಾಗಿ ತೋರುತ್ತದೆ. ಒಬ್ಬ ಶತ್ರುವಿನಿಂದ ತಪ್ಪಿಸಿಕೊಂಡ ಬೆಲೆಯನ್ನು ಇನ್ನೊಬ್ಬ ಶತ್ರುವಿಗೆ ಕೊಡಬೇಕಾಯಿತು. ಅದಕ್ಕೂ ಮೊದಲು, 1994ರಲ್ಲಿ, ಸೈಮನ್ ಪೊಲಾರ್ಡ್ ಇದೇ ಪ್ರಭೇದದ ಗಂಡಿನ ಹಲ್ಲಿನಲ್ಲಿ ವಿಷದ ನಾಳವೇ ಇಲ್ಲವೆಂಬುದನ್ನು ವರದಿ ಮಾಡಿದ್ದರು. ಹೆಣ್ಣು ವಿಷ ಚುಚ್ಚಿ ಬೇಟೆಯನ್ನು ಅಡಗಿಸುತ್ತದೆ, ಗಂಡು ಉದ್ದನೆಯ ಹಲ್ಲಿಗೆ ಬೇಟೆಯನ್ನು ಶೂಲಕ್ಕೇರಿಸಿದಂತೆ ಪೋಣಿಸಿಕೊಳ್ಳುತ್ತದೆ. ಗಂಡು ಹೆಣ್ಣುಗಳು ರೂಪದಲ್ಲಿ, ಊಟದ ರೀತಿಯಲ್ಲಿ, ಶತ್ರುಗಳಲ್ಲಿ ಕೂಡ ಬೇರೆಯಾಗಿರುವ ಪ್ರಭೇದ ಇದು. ಒಂದೇ ಲಿಂಗದ ಮಾದರಿಯನ್ನಿಟ್ಟುಕೊಂಡು ಇದನ್ನು ವರ್ಣಿಸಹೊರಟರೆ ಏನೇನು ತಪ್ಪಿಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ತಿರುವನಂತಪುರಕ್ಕೆ ಬರುತ್ತೇನೆ. ಅಲ್ಲಿನ ಎ. ಪಿ. ಮ್ಯಾಥ್ಯೂ 1934ರಲ್ಲಿ ಮುಂಬಯಿ ನಿಸರ್ಗ ಇತಿಹಾಸ ಸಂಸ್ಥೆಯ ಪತ್ರಿಕೆಯಲ್ಲಿ ಈ ಜೇಡದ ಜೀವನ ವೃತ್ತಾಂತವನ್ನು ಪ್ರಕಟಿಸಿದರು. ಶೀರ್ಷಿಕೆಯಲ್ಲಿಯೇ ಅದನ್ನು ಭಾರತದ ಕೆಂಪಿರುವೆಯ ಅನುಕಾರಿ ಎಂದು ಕರೆದಿದ್ದಾರೆ. ಅದಕ್ಕೆ 65 ವರ್ಷ ಮೊದಲು ಹೆಸರಿನಲ್ಲಿ ಜಾಗ ಸಿಗದ ಇರುವೆ ಇಲ್ಲಿ ತಲೆಬರಹಕ್ಕೆ ಬಂತು. ಜೇಡಗಳು ಇರುವೆಯನ್ನು ಹೋಲುತ್ತವೆಂದು ಮೊದಲು ಕಂಡವರು ಅವರೆಂದು ನಾನು ಹೇಳುತ್ತಿಲ್ಲ. ಬಂಗಾಳದ ಬ್ಯಾರಕ್‌ಪುರದಲ್ಲಿ ಇರುವೆಗಳನ್ನು ನೋಡುತ್ತಿದ್ದ ರಾಥ್ನಿ 1889ರಷ್ಟು ಹಿಂದೆಯೇ ಕಪ್ಪು-ಕೆಂಪು ಇರುವೆಯೊಂದನ್ನು ಹೋಲುವ ಜೇಡವನ್ನು ಕುರಿತು ಬರೆದಿದ್ದ. ಕಲಕತ್ತೆಯ ಬೋಸ್ ಸಂಸ್ಥೆಯಲ್ಲಿದ್ದ ಗೋಪಾಲಚಂದ್ರ ಭಟ್ಟಾಚಾರ್ಯ 1930ರ ದಶಕದಲ್ಲಿ ಇದೇ ಪ್ಲಾಟಲಿಯಾಯ್ಡಿಸ್ ಪೊರೆ ಬಿಡುವ ಬಗೆಯನ್ನು ದಾಖಲಿಸಿದರು. ಮ್ಯಾಥ್ಯೂ ಅವರ ಹಿರಿಮೆ ಇರುವುದು ಎಡೆಬಿಡದ ಗಮನದಲ್ಲಿ. 1934ರ ಮೇಲೆ 1935ರಲ್ಲಿ ಒಂದು ತಿಗಣೆ ಜಾತಿಯ ಕೀಟ ಮತ್ತು ಯುಆಂಟಿಸಾ ಪಲ್ಕ್ರಾ ಎಂಬ ಸೂರ್ಯನ ಕುದುರೆಯ ಮರಿಗಳು ಬೆಳೆಯುತ್ತ ಬೆಳೆಯುತ್ತ ವೇಷ ಬದಲಿಸುವುದನ್ನು ಬರೆದರು. 1954ರಲ್ಲಿ ಮತ್ತೆ ಚಗಳಿಗೇ ಮರಳಿ, ಚಗಳಿಯನ್ನು ಅನುಕರಿಸುವ ಎರಡು ಜೇಡಗಳ ಸ್ವಭಾವವನ್ನು ಹೋಲಿಸಿ ಬರೆದರು. ಒಂದೇ ಇರುವೆಯ ಸುತ್ತ ಇಪ್ಪತ್ತು ವರ್ಷ.

ಆ ಹೋಲಿಕೆಯಿಂದ ಗುರುತಿಸುವಿಕೆಗೆ ಸಿಗುವ ಸಹಾಯ ದೊಡ್ಡದು. ಚಗಳಿಯ ವೇಷದ ಇನ್ನೊಂದು ಜೇಡ ಅಮೈಸಿಯಾ ಫಾರ್ಟಿಸೆಪ್ಸ್. ಅದು ಜಿಗಿಜೇಡವಲ್ಲ, ಏಡಿಜೇಡಗಳ ಕುಟುಂಬದ್ದು. ಅದರ ಹೊಟ್ಟೆಯ ಹಿಂತುದಿಯಲ್ಲಿ ಎರಡು ಕಪ್ಪು ಚುಕ್ಕೆಗಳಿವೆ, ಇರುವೆಯ ತಲೆ ಇರುವುದು ಜೇಡದ ಹಿಂಭಾಗದಲ್ಲಿ! ಅದು ಚಗಳಿಯ ಸಾಲಿನ ಬದಿಯಲ್ಲಿ ಸಾಯುತ್ತಿರುವ ಇರುವೆಯಂತೆ ನಡುಗುತ್ತ ಕೂತು, ನೋಡಲು ಬಂದ ಒಂಟಿ ಚಗಳಿಯನ್ನು ಹಿಡಿದು ತಿನ್ನುತ್ತದೆ. ಮಿರ್ಮಾಪ್ಲಾಟಾ ಹಾಗಲ್ಲ. ಅದು ಚಗಳಿಗಳ ನಡುವೆ ಇದ್ದರೂ ಅವುಗಳ ಮೈ ತಾಗದಂತೆ ಸರಿದುಕೊಳ್ಳುತ್ತದೆ, ಬೇರೆ ಸಣ್ಣ ಕೀಟಗಳನ್ನು ತಿನ್ನುತ್ತದೆ, ಎಲೆಯ ಮೇಲೆ ತನ್ನದೇ ರೇಷ್ಮೆಯ ಗೂಡಿನಲ್ಲಿ ಮೊಟ್ಟೆ ಕಾಯುತ್ತದೆ. ಒಂದಕ್ಕೆ ವೇಷ ಬೇಟೆಯ ಬಲೆ, ಇನ್ನೊಂದಕ್ಕೆ ರಕ್ಷೆ. ಬಣ್ಣವನ್ನೂ ಅಳತೆಯನ್ನೂ ಮಾತ್ರ ಬರೆದುಕೊಂಡವರು ಇವೆರಡನ್ನೂ ‘ಚಗಳಿಯಂಥ ಜೇಡ’ ಎಂದು ಒಂದೇ ಸಾಲಿನಲ್ಲಿ ಬರೆದಾರು. ಚಗಳಿ ಹತ್ತಿರ ಬಂದಾಗ ಜೇಡ ಏನು ಮಾಡಿತು ಎಂದು ಕಾದು ನೋಡಿದವರಿಗೆ ಗೊಂದಲವೇ ಇರದು.

ಮ್ಯಾಥ್ಯೂ 1935ರಲ್ಲಿ ನೋಡಿದ ಅದೇ ಸೂರ್ಯನ ಕುದುರೆ 80 ವರ್ಷಗಳ ನಂತರ ಅದೇ ಜಿಲ್ಲೆಯಲ್ಲಿ ಮತ್ತೆ ಕಾಣಿಸಿಕೊಳ್ಳುವುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ತಿರುವನಂತಪುರದ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಈಗ ವಿತುರ ಎಂಬಲ್ಲಿ, ಪೊನ್ಮುಡಿಯ ತಪ್ಪಲಿನಲ್ಲಿದೆ. ಅಲ್ಲಿನ ಹೇಮಾ ಸೋಮನಾಥನ್, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ದಿವ್ಯಾ ಉಮಾ ಮತ್ತು ಅವರ ಜೊತೆಗಾರರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇರುವೆ ವೇಷದ ಜೇಡಗಳನ್ನು ಸೂರ್ಯನ ಕುದುರೆಯ ಮುಂದಿಟ್ಟು ಅದರ ಪ್ರತಿಕ್ರಿಯೆ ನೋಡಿದರು. ಎಲ್ಲ ವೇಷಗಳಿಗೂ ಅದರ ಪ್ರತಿಕ್ರಿಯೆ ಒಂದೇ ಆಗಿರಲಿಲ್ಲ. ಅಂದರೆ ‘ಇರುವೆಯಂತಿದೆ’ ಎಂಬ ಮಾತು ಸಾಲದು, ಯಾವ ಇರುವೆ, ಯಾರ ಕಣ್ಣಿಗೆ ಎಂಬುದು ಬೇಕು. ವೇಷಕ್ಕೆ ತೆರುವ ದಂಡವನ್ನೂ ಈಚೆಗೆ ಅಳೆದಿದ್ದಾರೆ. ಜಪಾನಿನ ಹಾಶಿಮೊಟೊ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದಂತೆ ಮಿರ್ಮರಾಕ್ನಿ ಜೇಡಗಳು ಇತರ ಜಿಗಿಜೇಡಗಳಷ್ಟು ಚೆನ್ನಾಗಿ ಜಿಗಿಯಲಾರವು, ಬೇಟೆಯಲ್ಲೂ ಹಿಂದೆ. ಇರುವೆಯಷ್ಟು ತೆಳ್ಳಗಾದ ಮೈ ಅದಕ್ಕೆ ಕಾರಣವೆಂದು ಅವರ ತರ್ಕ.

ಕೊಚ್ಚಿಯಲ್ಲಿ ನಡೆದ ಕೆಲಸದ ಸ್ವರೂಪ ಇದಕ್ಕಿಂತ ಬೇರೆ, ಆದರೆ ಅದಿಲ್ಲದೆ ಇದು ನಿಲ್ಲದು. ತೇವರದ ಸೇಕ್ರೆಡ್ ಹಾರ್ಟ್ ಕಾಲೇಜಿನ ಜೇಡಶಾಸ್ತ್ರ ವಿಭಾಗ ಇಂದು ದೇಶದ ಮುಖ್ಯ ಕೇಂದ್ರಗಳಲ್ಲೊಂದು. ಅಲ್ಲಿನ ಪಿ. ಎ. ಸೆಬಾಸ್ಟಿಯನ್ ಅವರು ಕೆ. ವಿ. ಪೀಟರ್ ಅವರೊಡನೆ ಸಂಪಾದಿಸಿದ ಭಾರತದ ಜೇಡಗಳ ಗ್ರಂಥ 2009ರಲ್ಲಿ ಹೊರಬಂದಾಗಿನಿಂದ ಕಾಲೇಜು ವಿದ್ಯಾರ್ಥಿಗೂ ಕೈಗೆಟಕುವ ಒಂದು ಆಕರ ಸಿಕ್ಕಿತು. ಹೈಕೋರ್ಟಿನ ಹಿಂದೆ ಕಟ್ಟಡಗಳ ನಡುವೆ ಉಳಿದಿರುವ 2.74 ಹೆಕ್ಟೇರಿನ ಮಂಗಳವನದ ಕಾಂಡ್ಲಾ ಕಾಡಿನಲ್ಲಿ ಕೂಡ ಅವರು ಜೇಡಗಳ ಪಟ್ಟಿ ಮಾಡಿದ್ದಾರೆ. 2019ರಲ್ಲಿ ಈ ಬಳಗ ಗುಜರಾತಿನ ಧ್ರುವ್ ಪ್ರಜಾಪತಿ, ಇರಿಞಾಲಕುಡದ ಎ. ವಿ. ಸುಧಿಕುಮಾರ್ ಇವರೊಡನೆ ಎರಡು ಹೊಸ ಜಿಗಿಜೇಡಗಳನ್ನು ವರ್ಣಿಸಿತು: ಮರೆಂಗೊ ಸಚಿನ್‌ತೆಂಡುಲ್ಕರ್ ಮತ್ತು ಇಂಡೊಮರೆಂಗೊ ಚಾವರಾಪಾತೆರ್. ಮೊದಲ ಹೆಸರಿನಿಂದಾಗಿ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಎರಡನೆಯದು ಕೇರಳದಲ್ಲಿ ಶಾಲೆಗಳನ್ನು ಕಟ್ಟಿದ ಸಂತ ಕುರಿಯಾಕೋಸ್ ಏಲಿಯಾಸ್ ಚಾವರ ಅವರ ನೆನಪಿಗೆ. ಸುದ್ದಿಯ ಗದ್ದಲದಲ್ಲಿ ಹಿಂದೆ ಸರಿದ ವಿಷಯವೆಂದರೆ ಇವೆರಡೂ ಇರುವೆಯಂಥ ಜೇಡಗಳೇ, ಮುಂಗಾಲು ಮಾತ್ರ ದಪ್ಪ. ಮಿರ್ಮಾಪ್ಲಾಟಾದ ವಂಶಕ್ಕೂ ಇವುಗಳಿಗೂ ಹತ್ತಿರದ ಸಂಬಂಧವಿಲ್ಲ. ಇರುವೆಯ ವೇಷ ಜಿಗಿಜೇಡಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಬೇರೆ ಬೇರೆಯಾಗಿ ಹುಟ್ಟಿದೆ ಎಂಬುದಕ್ಕೆ ಕೇರಳದ ಒಂದೇ ಹಿತ್ತಿಲಿನಲ್ಲಿ ಸಾಕ್ಷಿ ಸಿಗುತ್ತದೆ.

ಹೊಸ ಪ್ರಭೇದವನ್ನು ವರ್ಣಿಸುವಾಗ ಒಂದು ಮಾದರಿಯನ್ನು ಹೋಲೊಟೈಪ್ ಎಂದು ಆರಿಸಿ ಸಂಗ್ರಹಾಲಯದಲ್ಲಿಟ್ಟು, ಸಿಕ್ಕ ಜಾಗ, ದಿನ, ಹಿಡಿದವರ ಹೆಸರನ್ನು ಚೀಟಿಯಲ್ಲಿ ಬರೆದು ಸೀಸೆಯೊಳಗೇ ಹಾಕುತ್ತಾರೆ. ಮುಂದೆ ನೂರು ವರ್ಷದ ಮೇಲೆ ಯಾರಿಗಾದರೂ ಸಂದೇಹ ಬಂದರೆ ಆ ಸೀಸೆಯನ್ನೇ ತೆಗೆದು ನೋಡಬೇಕು. ಸಿಲೋನಿನಿಂದ ವರ್ಣಿತವಾದ ಜೇಡವನ್ನು ಕೇರಳದಲ್ಲಿ ಗುರುತಿಸುವಾಗ ಇದರ ಬೆಲೆ ತಿಳಿಯುತ್ತದೆ. ಪಶ್ಚಿಮ ಘಟ್ಟಕ್ಕೂ ಶ್ರೀಲಂಕಾಕ್ಕೂ ಜೇಡಗಳ ನಂಟು ಹಳೆಯದು. 2025ರಲ್ಲಿ ಕೊಲ್ಲಂ ಜಿಲ್ಲೆಯ ಚೆಂದುರುಣಿ ಅಭಯಾರಣ್ಯದಿಂದ ಎಪಿಡೆಲಾಕ್ಸಿಯಾ ಕುಲದ ಎರಡು ಹೊಸ ಜಿಗಿಜೇಡಗಳು ವರದಿಯಾದವು. ಅದುವರೆಗೆ ಆ ಕುಲ ಶ್ರೀಲಂಕಾದ್ದು ಮಾತ್ರ ಎಂದಿತ್ತು.

ಕನ್ನಡದ ಓದುಗರಿಗೆ ಇನ್ನೊಂದು ಸಂಗತಿ ತಿಳಿದಿರಬೇಕು. 2024ರಲ್ಲಿ ಕಿರಣ್ ಮರಾಠೆ, ಜಾನ್ ಕ್ಯಾಲೆಬ್, ವೇಯ್ನ್ ಮ್ಯಾಡಿಸನ್ ದಕ್ಷಿಣ ಭಾರತದ ನೆಲವಾಸಿ ಜಿಗಿಜೇಡಗಳಿಗೆ ಒಂದು ಹೊಸ ಕುಲ ಮಾಡಿದಾಗ ಅದಕ್ಕೆ ತೆಂಕಣ ಎಂಬ ಕನ್ನಡ ಪದವನ್ನೇ ಇಟ್ಟರು. ಅದರ ಒಂದು ಪ್ರಭೇದಕ್ಕೆ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯ ಹೆಸರು. ನಮ್ಮ ಮಾತು ಶಾಸ್ತ್ರದ ಹೆಸರಾಗಬಲ್ಲದು ಎಂದಾದರೆ ಸೀಸೆಯ ಚೀಟಿಗೂ ಬರಬಲ್ಲದು.

ಆದ್ದರಿಂದ ಒಂದು ಸಲಹೆ ಇಡುತ್ತೇನೆ. ಕಾಸರಗೋಡಿನ ಗೇರು ತೋಟಗಳಲ್ಲಿ, ದಕ್ಷಿಣ ಕನ್ನಡ, ಶಿವಮೊಗ್ಗಗಳ ಮಾವಿನ ಮರಗಳಲ್ಲಿ ಚಗಳಿ ಹೇರಳ. ಅಲ್ಲಿ ಇರುವೆಜೇಡ ಹಿಡಿಯುವ ವಿದ್ಯಾರ್ಥಿಗಳು ಜಾಗ, ದಿನ, ಮರ ಇವುಗಳ ಜೊತೆಗೆ ಚೀಟಿಯಲ್ಲಿ ಎರಡು ವಿಷಯಗಳನ್ನು ಸೇರಿಸಲಿ. ಸಮೀಪದಲ್ಲಿದ್ದ ಇರುವೆ ಯಾವುದು, ಸಾಧ್ಯವಾದರೆ ಅದೇ ಮರದ ಒಂದು ಇರುವೆ ಬೇರೆ ಸೀಸೆಯಲ್ಲಿ. ಇರುವೆ ಎದುರಾದಾಗ ಜೇಡ ಸರಿಯಿತೋ, ನಿಂತಿತೋ, ಹಿಡಿಯಿತೋ. ಎಳೆಯ ಜೇಡವಾದರೆ ಹೆಸರು ಬರೆಯುವುದು ಬೇಡ, ಎಲೆಯ ಸಮೇತ ಡಬ್ಬಿಯಲ್ಲಿ ಸಾಕಿ ಕೊನೆಯ ಪೊರೆಯವರೆಗೆ ಕಾಯಲಿ. ಕಳಚಿದ ಪೊರೆಯನ್ನು ಎಸೆಯದೆ ಅದೇ ಸೀಸೆಗೆ ಹಾಕಲಿ. ಇರುವೆಯ ಶಾಸ್ತ್ರೀಯ ಹೆಸರು ಗೊತ್ತಿಲ್ಲದಿದ್ದರೆ ಚಗಳಿ ಎಂದೋ ಚಿಗಳಿ ಎಂದೋ, ಆ ಊರಿನವರು ಹೇಳುವ ಹೆಸರನ್ನೇ ಪೆನ್ಸಿಲಿನಲ್ಲಿ ಬರೆದರೆ ಸಾಕು. ಮದ್ಯಸಾರದಲ್ಲಿ ಶಾಯಿ ಕರಗುತ್ತದೆ, ಪೆನ್ಸಿಲಿನ ಬರಹ ಉಳಿಯುತ್ತದೆ.